ಉದ್ದ ಕಾರ್ಡು ಹಿಡಿಸುವ ಕ್ಯಾಬಿನೆಟ್

ಯಾರಾದರೂ ಟೈಪು ಹೊಡೆದ ಹಾಳೆಯನ್ನು ತಂದು ಮುಂದಿಟ್ಟರೆ ನಾನು ಅದನ್ನು ನೋಡುವ ಮೊದಲೇ "ಎರಡು ತಪ್ಪು" ಎನ್ನುತ್ತಿದ್ದೆ. ಹೇಳಿಯಾದ ಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದು ತಪ್ಪು ಹುಡುಕಲು ಕೂರುತ್ತಿದ್ದೆ. ಹುಡುಕಿದರೆ ಸಿಕ್ಕೇ ಸಿಗುತ್ತಿದ್ದವು, ಎರಡಲ್ಲದಿದ್ದರೆ ನಾಲ್ಕು. ರಾಬರ್ಟ್‌ಸನ್‌ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹತ್ತು ವರ್ಷ ಪಾಠ ಹೇಳಿದವಳು ನಾನು. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯಿಂದ ಬರುತ್ತಿದ್ದ ಹುಡುಗಿಯರು ಬೆನ್ನ ಹಿಂದೆ ನನ್ನನ್ನು "ರೆಂಡು ತಪ್ಪು ಟೀಚರ್" ಎಂದು ಕರೆಯುತ್ತಾರೆಂದು ಗೊತ್ತಿತ್ತು. ಸಿಟ್ಟೇನೂ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಈ ಚಾಳಿ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲೇ ನಿಲ್ಲುತ್ತಿರಲಿಲ್ಲ. ಬಂಗಾರಪೇಟೆ ಪಕ್ಕದ ನಮ್ಮೂರು ಮಾವಿನಕುಂಟೆಗೆ ನನ್ನನ್ನು ನೋಡಲು ಬಂದುಹೋದ ಗಂಡುಗಳಿಗೂ ಅದೇ ಶಾಸ್ತ್ರ ನಡೆಯುತ್ತಿತ್ತು. ಅಮ್ಮ ಮುನಿನಾರಾಯಣಮ್ಮ ಹಾಲು ಕರೆಯುತ್ತಾ, ನನಗೆ ಕೇಳಲಿ ಎಂದು ಹಸುವಿನ ಹತ್ತಿರ ಹೇಳುತ್ತಿದ್ದಳು. "ಇವ್ಳಿಗೆ ದ್ಯಾವ್ರೇ ಎದ್ ಬಂದ್ರೂ ಎಲ್ಡು ತಪ್ಪು ತೆಗೀತಾಳೆ ಕಣೆ." ಹಸು ಬಾಲ ಆಡಿಸುತ್ತಿತ್ತು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದೆ. ಹಾಗೇ ಮೂವತ್ತು ತುಂಬಿತು.

ಈಗ ಹೇಳುತ್ತಿರುವುದು ಆ ಮೂವತ್ತು ತುಂಬಿದ ವರ್ಷದ ಮಾತು, ತೊಂಬತ್ತೇಳನೇ ಇಸವಿ. ಇನ್‌ಸ್ಟಿಟ್ಯೂಟಿನ ಮಾಲೀಕರು ಶ್ರೀನಿವಾಸಪ್ಪನವರು ಕೊನೆಗೂ ಒಂದು ಕಂಪ್ಯೂಟರ್ ತರಿಸುವ ಮನಸ್ಸು ಮಾಡಿದರು. ಮಕ್ಕಳಿಗೆ ಕಲಿಸಿದ ಹಾಗೂ ಆಯಿತು, ಮದುವೆ ಕಾರ್ಡು ಹೊಡೆದುಕೊಟ್ಟ ಹಾಗೂ ಆಯಿತು ಎಂಬುದು ಅವರ ಲೆಕ್ಕಾಚಾರ. ಕಂಪನಿಯ ಸಿದ್ಧ ಮಷೀನು ಬೇಡ, ಬಂಗಾರಪೇಟೆಯ ಕದಿರಪ್ಪನ ಕೈಲಿ ಜೋಡಿಸೋಣ ಎಂದರು. ಕದಿರಪ್ಪ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದವರು. ಐವತ್ತು ದಾಟಿದ ಮೇಲೆ ಯಾರ ಹತ್ತಿರವೂ ಕಲಿಯದೆ ಕಂಪ್ಯೂಟರಿಗೆ ಕೈಹಾಕಿದ್ದರು. ಗುರುವಾರ ಗುರುವಾರ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತರುತ್ತಿದ್ದರು.

ಏನೇನು ಬೇಕೆಂದು ಬರೆದುಕೊಡಲು ನಾನು ಅವರ ಅಂಗಡಿಗೆ ಹೋದೆ. ಚೀಟಿ ಕೊಟ್ಟು ಹಿಂದಿರುಗುವಾಗ ಗೋಡೆಯ ಮೇಲೆ ಕಣ್ಣು ಬಿತ್ತು. ಹಳೇ ರೇಡಿಯೋಗಳ ಸಾಲಿನ ಪಕ್ಕ ಮೊಳೆಗೆ ಒಂದು ಹಸಿರು ಕಾರ್ಡು ನೇತಾಡುತ್ತಿತ್ತು. ಒಂದೂವರೆ ಗೇಣು ಉದ್ದ, ಮೈತುಂಬ ಕಪ್ಪು ಚಿಪ್ಪು. ನನ್ನ ಕಾಲು ಅಲ್ಲೇ ನಿಂತಿತು.

"ಅದೆಲ್ಲಿ ಸಿಕ್ತು ಕದಿರಪ್ಪಣ್ಣ?"

"ಅದಾ? ಕನ್ನಡದ್ ಕಾರ್ಡು. ಮಿಲ್ ಮ್ಯಾಗಡೆ ನೀವೆಲ್ಲ ಪಟ್ಟಿ ಒಡೀತಿದ್ರಲ್ಲ, ಆವಾಗ ಒಂದು ಮಿಷನ್ ಸುಟ್ಟೋಯ್ತು ನೋಡಿ, ಅದ್ರದ್ದು. ಕಂಟ್ರಾಕ್ಟರ್ ಬ್ಯಾಡ ಅಂತ ಬಿಟ್ಟೋದ. ಮಿಷನ್ ಸತ್ತೋಗೈತೆ, ಇದ್ರಲ್ಲಿ ಇನ್ನೂ ಜೀವ ಐತೆ ಅನ್ಸುತ್ತೆ."

ಆ ಕಾರ್ಡಿನ ವಿಷಯ ಹೇಳಬೇಕು, ಅದನ್ನು ಹೇಳದಿದ್ದರೆ ಮುಂದಿನದೆಲ್ಲ ನನ್ನ ಹುಚ್ಚಾಟದಂತೆ ಕಾಣುತ್ತದೆ. ಆಗಿನ ಕಂಪ್ಯೂಟರುಗಳಿಗೆ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಈ ಕಾರ್ಡನ್ನು ಒಳಗೆ ಕೂರಿಸಿದರೆ ಮಾತ್ರ ಪರದೆಯ ಮೇಲೆ ಕನ್ನಡ ಅಕ್ಷರ ಮೂಡುತ್ತಿತ್ತು. ಅದರಲ್ಲಿ ಹೊಡೆದಿಟ್ಟದ್ದನ್ನು ಅದರಲ್ಲೇ ಓದಬೇಕು. ಬೇರೆ ಮಷೀನಿಗೆ ಹಾಕಿದರೆ ಬರೀ ಚುಕ್ಕಿ, ಗೀಟು.

ತೊಂಬತ್ಮೂರರಲ್ಲಿ ತಾಲ್ಲೂಕಿನ ಮತದಾರರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಬೆಂಗಳೂರಿನ ಕಂಟ್ರಾಕ್ಟರ್ ಒಬ್ಬ ಹಿಡಿದಿದ್ದ. ಬಂಗಾರಪೇಟೆಯ ಒಂದು ಹಿಟ್ಟಿನ ಮಿಲ್ಲಿನ ಮಹಡಿಯಲ್ಲಿ ಮೂರು ಮಷೀನು ಇಟ್ಟಿದ್ದರು. ಸಂಜೆ ಇನ್‌ಸ್ಟಿಟ್ಯೂಟಿನ ಪಾಠ, ಬೆಳಿಗ್ಗೆ ಅಲ್ಲಿ ಕೆಲಸ, ಹೀಗೆ ನಾಲ್ಕು ತಿಂಗಳು ಮಾಡಿದೆ. ಕೆಳಗೆ ರಾಗಿ ಬೀಸುತ್ತಿದ್ದರೆ ಮೇಲೆ ನಮ್ಮ ಕೀಲಿಮಣೆಯ ಮೇಲೆ ಹಿಟ್ಟು ಕೂರುತ್ತಿತ್ತು. ಮೂರೂ ಮಷೀನು ನೋಡಿಕೊಳ್ಳುತ್ತಿದ್ದವರು ವೆಂಕಟೇಶಪ್ಪ, ದಿನ್ನೆಕೊತ್ತೂರಿನವರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಿದ್ದರು. ತಂದೆ ತೀರಿಹೋಗಿದ್ದರು, ಮನೆಯಲ್ಲಿ ತಾಯಿಯೊಬ್ಬರೇ.

ಅಲ್ಲಿ ಒಬ್ಬರು ಕೈಬರಹದ ಫಾರಮ್ಮು ಓದುವುದು, ಒಬ್ಬರು ಹೊಡೆಯುವುದು ಪದ್ಧತಿ. ಅವರು ಓದುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಮನೆ ನಂಬರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಹೆಂಗಸರ ಹೆಸರು ಬಂದಾಗಲೆಲ್ಲ ನಾನು "ತಂದೇನಾ, ಗಂಡಾನಾ?" ಎಂದು ಕೇಳಬೇಕು, ಅವರು ಫಾರಮ್ಮು ನೋಡಿ ಹೇಳಬೇಕು. ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಆಡಿದ ಮಾತೆಂದರೆ ಹೆಚ್ಚುಕಮ್ಮಿ ಬೇರೆಯವರ ಹೆಸರುಗಳೇ. ಆದರೂ ಬೆಳಿಗ್ಗೆ ಸೈಕಲ್ಲಿನ ಕ್ಯಾನು ಸದ್ದು ಮಾಡಿಕೊಂಡು ಮಿಲ್ಲಿನ ಮುಂದೆ ನಿಂತರೆ ನನಗೆ ಮೆಟ್ಟಿಲ ಕಡೆ ನೋಡದೆ ಇರಲು ಆಗುತ್ತಿರಲಿಲ್ಲ. ಆ ಮನುಷ್ಯ ನನಗೆ ಬೇಕಾಗಿದ್ದರು. ಇದನ್ನು ಇಷ್ಟು ಬಿಡಿಸಿ ಅವತ್ತು ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಒಂದು ಶನಿವಾರ ಅವರು ಕಂದು ಕವರಿನಲ್ಲಿ ಒಂದು ಫ್ಲಾಪಿ ತಂದುಕೊಟ್ಟರು. ಹಳೇ ಕಾಲದ ಅಗಲ ಫ್ಲಾಪಿ, ಬಾಗಿಸಿದರೆ ಬಾಗುವಂಥದ್ದು.

"ಇದು ನಮ್ಮೂರ್ ಪಟ್ಟಿ ಮೇಡಂ. ನಾನೇ ಓದ್ಕೊಂಡು ನಾನೇ ಒಡ್ದಿದ್ದೀನಿ. ನೀವೊಂದ್ಸಲ ತಪ್ಪು ನೋಡ್ಬುಟ್ಟು ಏಳಿ. ಬ್ಯಾರೆ ಯಾರ್ಗೂ ಕೊಡಬ್ಯಾಡಿ."

ಸೋಮವಾರ ಕರೆಂಟು ಕೈಕೊಟ್ಟಿತು. ಸಂಜೆ ಬಂದಾಗ ಒಮ್ಮೆಲೇ ನುಗ್ಗಿ ಬಂದು ಒಂದು ಮಷೀನನ್ನು ಸುಟ್ಟು ಹಾಕಿತು. ಉಳಿದೆರಡನ್ನು ಕದಿರಪ್ಪ ಬಂದು ಪರೀಕ್ಷೆ ಮಾಡುವ ತನಕ ಮುಟ್ಟಬಾರದೆಂದರು. ಹೀಗಾಗಿ ಮಂಗಳವಾರದ ಹೊತ್ತಿಗೆ ನಾನು ಫ್ಲಾಪಿಯನ್ನು ತೆರೆದೇ ಇರಲಿಲ್ಲ. ಮೆಟ್ಟಿಲ ಮೇಲೆ ವೆಂಕಟೇಶಪ್ಪ ಎದುರಾದರು.

"ನೋಡಿದ್ರಾ ಮೇಡಂ?"

ಇಲ್ಲ, ಕರೆಂಟಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಕೊಟ್ಟ ಕೆಲಸ ಮಾಡಿಲ್ಲವೆಂದು ಹೇಳಿ ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಅಭ್ಯಾಸವಿದ್ದ ಮಾತೇ ಬಂತು. "ನೋಡ್ದೆ. ಎರಡು ತಪ್ಪು."

ಅವರು ಒಂದು ಮೆಟ್ಟಿಲು ಕೆಳಗಿದ್ದರು. ಕಂಬಿ ಹಿಡಿದುಕೊಂಡು ಕೇಳಿದರು. "ನಲ್ವತ್ತೇಳ್ನೇ ಮನೇಲಾ?"

ಯಾವ ಮನೆಯಾದರೆ ನನಗೇನು, ಸಿಕ್ಕಿಬೀಳಬಾರದು ಅಷ್ಟೆ. "ಅಲ್ಲೂ ಒಂದಿತ್ತು. ನಾನೇ ತೆಗೆದಾಕ್ತೀನಿ ಬಿಡಿ" ಎಂದೆ.

"ಆಯ್ತು ಮೇಡಂ. ತಪ್ಪು ನಂದೇ" ಎಂದು ಕೆಳಗಿಳಿದು ಹೋದರು. ಬಂದವರು ಮೇಲೆ ಯಾಕೆ ಬರಲಿಲ್ಲ ಎಂದು ನಾನು ಯೋಚಿಸಲೂ ಇಲ್ಲ.

ಉಳಿದೆರಡು ಮಷೀನನ್ನು ಮತ್ತೆ ಹಚ್ಚಲೇ ಇಲ್ಲ, ಗುರುವಾರ ಕಟ್ಟಿ ಲಾರಿಗೆ ಹಾಕಿದರು. ವೆಂಕಟೇಶಪ್ಪ ಅದೇ ಕಂಟ್ರಾಕ್ಟರನ ಜೊತೆ ರಾಯಚೂರು ಕಡೆಯ ಕೆಲಸಕ್ಕೆ ಹೋದರು. ಹೋಗುವಾಗ ನನಗೊಂದು ಮಾತು ಹೇಳಲಿಲ್ಲ. ಎರಡು ವರ್ಷಕ್ಕೆ ಅಕ್ಕನ ಮಗಳನ್ನೇ ತಂದುಕೊಂಡರೆಂದು, ಮದುವೆ ಚೆನ್ನಾಗಿ ಆಯಿತೆಂದು ಡೈರಿಯವರ ಬಾಯಲ್ಲಿ ಕೇಳಿದೆ. ನನಗೆ ಸಿಟ್ಟು ಬಂದಿತ್ತು, ನಾಲ್ಕು ವರ್ಷವೂ ಆರಲಿಲ್ಲ. ಒಂದು ಪಟ್ಟಿಯಲ್ಲಿ ತಪ್ಪು ತೋರಿಸಿದ್ದಕ್ಕೆ ಗಂಡಸಿಗೆ ಇಷ್ಟು ಮುನಿಸೇ ಎಂದು. ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅವರು ಕೈಯಾರೆ ಕೊಟ್ಟದ್ದು ಅಂತ ನನ್ನ ಬಳಿ ಇದ್ದದ್ದು ಆ ಫ್ಲಾಪಿ ಒಂದೇ, ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ. ಒಂದೇ ಒಂದು ಸಲ ಅದನ್ನು ತೆರೆದು ಅವರು ಹೊಡೆದ ಅಕ್ಷರ ನೋಡಬೇಕು, ನಾನು ಹೇಳಿದ ತಪ್ಪು ನಿಜವಾಗಿ ಇತ್ತೋ ಇಲ್ಲವೋ ತಿಳಿಯಬೇಕು. ಅದು ನನ್ನ ಆಸೆ.

ಆ ಆಸೆ ಈಗ ಮೊಳೆಗೆ ನೇತಾಡುತ್ತಿತ್ತು.

"ಈ ಕಾರ್ಡನ್ನೇ ನಮ್ಮ ಕಂಪ್ಯೂಟರಿಗೆ ಹಾಕಿ ಕದಿರಪ್ಪಣ್ಣ" ಎಂದೆ.

ಕದಿರಪ್ಪ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. "ಇವಾಗ ಇದ್ಯಾರ್ಗ್ ಬೇಕು ಮೇಡಮ್ಮ? ಫಾಂಟು ಬಂದೈತೆ. ಫ್ಲಾಪಿ ಆಕಿದ್ರೆ ಕನ್ನಡ ಬತ್ತದೆ. ಇದನ್ನ ಇಡ್ಸೋ ಕ್ಯಾಬಿನೆಟ್ಟೇ ಈಗ ಬರಾಕಿಲ್ಲ."

ಕ್ಯಾಬಿನೆಟ್ ಎಂದರೆ ಕಂಪ್ಯೂಟರಿನ ಭಾಗಗಳನ್ನೆಲ್ಲ ಒಳಗೆ ಕೂರಿಸುವ ತಗಡಿನ ಪೆಟ್ಟಿಗೆ. ಹಳೆಯವು ಅಡುಗೆಮನೆಯ ಬೀರುವಿನಷ್ಟು ಧಾರಾಳವಾಗಿದ್ದವು, ಬರುಬರುತ್ತಾ ಕುಗ್ಗುತ್ತಿದ್ದವು. ನಾನು ಸುಳ್ಳು ಹೇಳಿದೆ. ಫಾಂಟಿನಲ್ಲಿ ಒತ್ತಕ್ಷರ ಕುಂಟುತ್ತವೆ, ಮದುವೆ ಕಾರ್ಡಿನಲ್ಲಿ ಹೆಣ್ಣಿನ ಹೆಸರು ಕುಂಟಿದರೆ ಬೀಗರು ಜಗಳಕ್ಕೆ ಬರುತ್ತಾರೆ ಎಂದೆ. ಹಾಗೇ ಹಳೇ ಅಗಲ ಫ್ಲಾಪಿ ಓದುವ ಡ್ರೈವೂ ಇರಲಿ ಎಂದೆ. ಅದೂ ಸುಟ್ಟ ಮಷೀನಿನದು, ಅವರ ಬಳಿಯೇ ಇತ್ತು. ಕದಿರಪ್ಪ ಮೇಜಿನ ಖಾನೆಯಿಂದ ಬಿಳಿ ದಾರ ತೆಗೆದು ಕಾರ್ಡಿನ ಉದ್ದಕ್ಕೆ ಹಿಡಿದು ಒಂದು ಗಂಟು ಹಾಕಿ, ದಾರವನ್ನು ಜೇಬಿಗೆ ಸೇರಿಸಿದರು. ಅವರು ಎಲ್ಲವನ್ನೂ ದಾರದಲ್ಲೇ ಅಳೆಯುತ್ತಿದ್ದರು. ಟೇಪಿನ ಅಂಕಿ ರೈಲಿನಲ್ಲಿ ಮರೆತುಹೋಗುತ್ತದಂತೆ, ಗಂಟು ಮರೆಯುವುದಿಲ್ಲವಂತೆ.

ಮೊದಲ ಗುರುವಾರ ಅವರು ತಂದದ್ದು ಚಿಕ್ಕ ಟವರು. ಮೇಜಿನ ಮೇಲೆ ನಿಂತುಕೊಳ್ಳುವಂಥದ್ದು, ನೋಡಲು ಮುದ್ದಾಗಿತ್ತು. ಶ್ರೀನಿವಾಸಪ್ಪನವರಿಗೆ ಅದು ನೋಡಿದ ಕೂಡಲೇ ಹಿಡಿಸಿತು, ತಾವೇ ಹೆಗಲ ವಲ್ಲಿಯಿಂದ ಧೂಳು ಒರೆಸಿದರು. ಕದಿರಪ್ಪ ಸ್ಕ್ರೂ ಬಿಚ್ಚಿ ಪಕ್ಕದ ತಗಡು ಎಳೆದರು. ಬೋರ್ಡು ಕೂತಿತು, ಕರೆಂಟಿನ ಪೆಟ್ಟಿಗೆ ಕೂತಿತು. ಕಾರ್ಡನ್ನು ಇಳಿಸಿದರೆ ಅರ್ಧ ಹೋಗಿ ನಿಂತಿತು. ಹಾರ್ಡ್‌ಡಿಸ್ಕ್ ಕೂರಿಸುವ ಪಂಜರ ಅಡ್ಡ ಇತ್ತು. ನಾಲ್ಕು ಬೆರಳು ಸಾಲದು.

"ದಾರದಲ್ಲಿ ಅಳೆದು ತಂದಿದ್ರಲ್ಲ?" ಎಂದೆ. ನನ್ನ ಧ್ವನಿ ಪಾಠದ ಧ್ವನಿಯಾಗಿತ್ತು.

"ಅಂಗ್ಡಿಯೋನು ರಟ್ಟಿನ್ ಡಬ್ಬ ಬಿಚ್ಚಾಕೆ ಬಿಡ್ನಿಲ್ಲ. ಡಬ್ಬಾನೇ ಅಳ್ದೆ" ಎಂದು ಕದಿರಪ್ಪ ತಲೆ ಕೆರೆದುಕೊಂಡರು. "ಒರಗ್ ಜಾಗ ಐತೆ ಅಂದ್ರೆ ಒಳಗೂ ಐತೆ ಅನ್ಕಂಡೆ."

ಪಂಜರ ಕತ್ತರಿಸಿಬಿಡಿ ಎಂದರು ಶ್ರೀನಿವಾಸಪ್ಪನವರು. ಕತ್ತರಿಸಿದರೆ ಹಾರ್ಡ್‌ಡಿಸ್ಕನ್ನು ಎಲ್ಲಿ ಕಟ್ಟುವುದು ಎಂದು ಕದಿರಪ್ಪ ಕೇಳಿದರು. ಟವರು ಮುಂದಿನ ಗುರುವಾರ ಬೆಂಗಳೂರಿಗೆ ವಾಪಸು ಹೋಯಿತು.

ಎರಡನೆಯದು ಮಲಗುವ ಕ್ಯಾಬಿನೆಟ್, ಚಪ್ಪಟೆ. ಮಾನಿಟರನ್ನು ಅದರ ಮೇಲೇ ಇಡಬಹುದು. ಈ ಸಲ ಕದಿರಪ್ಪ ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಒಳಗೆ ದಾರ ಹಿಡಿದು ನೋಡಿದ್ದರಂತೆ, ಅಂಗಡಿಯ ಹುಡುಗರೆಲ್ಲ ನಕ್ಕರಂತೆ. ಕಾರ್ಡು ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಯಿತು. ತುದಿಯ ಪ್ಲಾಸ್ಟಿಕ್ ತೋಡಿನಲ್ಲಿ ಟಕ್ಕೆಂದು ಕೂತಾಗ ನನ್ನ ಎದೆಯಲ್ಲೂ ಏನೋ ಕೂತ ಹಾಗಾಯಿತು. ಫ್ಲಾಪಿ ನನ್ನ ಬ್ಯಾಗಿನಲ್ಲೇ ಇತ್ತು, ಅವತ್ತು ಬೆಳಿಗ್ಗೆ ಸೀರೆಯ ಮಡಿಕೆಯಿಂದ ತೆಗೆದು ತಂದಿದ್ದೆ.

ಕದಿರಪ್ಪ ಮುಚ್ಚಳ ಹಾಕಲು ಹೋದರು. ಮುಚ್ಚಿಕೊಳ್ಳಲಿಲ್ಲ. ಕಾರ್ಡು ಉದ್ದಕ್ಕೆ ಹಿಡಿಸಿತ್ತು, ಎತ್ತರಕ್ಕೆ ಹಿಡಿಸಿರಲಿಲ್ಲ. ಹೆಬ್ಬೆರಳಿನಷ್ಟು ತಲೆ ಎತ್ತಿಕೊಂಡಿತ್ತು.

"ಎತ್ರದ್ದು ಒಂದ್ ಗಂಟಾಕೋದು ಮರ್ತೋದೆ" ಎಂದರು.

"ಹಾಗೇ ತೆರೆದಿಡಿ, ನಾನು ಬಟ್ಟೆ ಮುಚ್ತೀನಿ. ಟೈಪ್‌ರೈಟರಿಗೆ ಮುಚ್ಚಲ್ವಾ" ಎಂದೆ. ಕೇಳಿದವರಿಗೆ ನಾಚಿಕೆಯಾಗುವಷ್ಟು ಆತುರ ಇತ್ತು ಅದರಲ್ಲಿ.

"ಮಾನಿಟ್ರು ಎಲ್ಲಿಡ್ತೀರ ಮೇಡಮ್ಮ, ಕಾರ್ಡ್ ತಲೆ ಮ್ಯಾಲಾ? ಅಲ್ದೆ ಈ ಬೋರ್ಡಿನ್ ಫ್ಯಾನು ನೋಡಿ, ಬಟ್ಟೆ ನೂಲೆಲ್ಲ ಎಳ್ಕಂತದೆ."

ಶ್ರೀನಿವಾಸಪ್ಪನವರ ತಾಳ್ಮೆ ಕೆಟ್ಟಿತು. ಮಾಘದ ಲಗ್ನಗಳು ಹತ್ತಿರ ಬರುತ್ತಿದ್ದವು. "ಏನಮ್ಮ ವರಲಕ್ಷ್ಮಿ, ಕ್ಯಾಬಿನೆಟ್ಟಿಗೆ ಕಾರ್ಡು ಹುಡುಕ್ತಾರೋ, ಕಾರ್ಡಿಗೆ ಕ್ಯಾಬಿನೆಟ್ಟು ಹುಡುಕ್ತಾರೋ? ಆ ಫಾಂಟೇ ಹಾಕ್ಕೊಂಡು ಕೆಲ್ಸ ಶುರು ಮಾಡಮ್ಮ" ಎಂದು, ಯಾರಿಂದಲೋ ತರಿಸಿದ್ದ ಫಾಂಟಿನ ಮಾದರಿ ಹಾಳೆಯನ್ನು ನನ್ನ ಮುಂದೆ ಹಿಡಿದರು.

ನಾನು ನೋಡಲಿಲ್ಲ. "ಎರಡು ತಪ್ಪು" ಎಂದೆ.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿ ಹುಡುಕಿದರು. ಸಿಕ್ಕಿತೋ ಇಲ್ಲವೋ, ಕೊನೆಗೆ ಹೇಳಿದರು. "ಇನ್ನೊಂದೇ ಒಂದು ಗುರುವಾರ. ಅವತ್ತೂ ಹಿಡಿಸದಿದ್ರೆ ಆ ಕಾರ್ಡು ಮೊಳೇಗೇ ವಾಪಸು."

ಆ ವಾರ ಬಸ್ಸಿನಲ್ಲಿ ಕೂತು ಅಲ್ಲಿಯ ತನಕ ನಾನು ಕೇಳಿಕೊಳ್ಳದಿದ್ದ ಪ್ರಶ್ನೆ ಕೇಳಿಕೊಂಡೆ. ನೋಡಿ ಏನು ಮಾಡುತ್ತೀಯ? ಅವರಿಗೆ ಮದುವೆಯಾಗಿದೆ, ಮಗುವೂ ಆಗಿರಬಹುದು. ಆಸೆ ಮಾತ್ರ ಹೋಗಲಿಲ್ಲ. ವರ್ಷಗಟ್ಟಲೆ ಮಡಿಕೆಯಲ್ಲಿದ್ದ ಬಟ್ಟೆಯ ಗೆರೆ ಹೋಗದ ಹಾಗೆ ಅದು ಹಾಗೇ ಉಳಿದಿತ್ತು.

ಮೂರನೆಯ ಗುರುವಾರ ಕದಿರಪ್ಪ ತಂದದ್ದು ದೊಡ್ಡ ಟವರು. ನೆಲದ ಮೇಲೆ ನಿಲ್ಲಿಸಿದರೆ ನನ್ನ ಸೊಂಟಕ್ಕೆ ಬರುತ್ತಿತ್ತು. ಪ್ಯಾಸೆಂಜರ್ ರೈಲಿನಲ್ಲಿ ಅದರ ಪಕ್ಕ ನೆಲದ ಮೇಲೆ ಕೂತು ಬಂದರಂತೆ. ಮಾರಿಕುಪ್ಪಂಗೆ ಹೋಗುವ ಮುದುಕಿಯೊಬ್ಬಳು "ಎನ್ನಪ್ಪಾ, ಫ್ರಿಡ್ಜಾ?" ಎಂದು ಕೇಳಿ, ಅಲ್ಲವೆಂದರೂ ನಂಬದೆ ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಿದಳಂತೆ. ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಹಳೇ ಮಾಲು, ಬಣ್ಣ ಹಳದಿಗೆ ತಿರುಗಿತ್ತು. ಕದಿರಪ್ಪನ ದಾರದಲ್ಲಿ ಈಗ ಮೂರು ಗಂಟಿದ್ದವು: ಉದ್ದಕ್ಕೆ, ಎತ್ತರಕ್ಕೆ, ಬೋರ್ಡಿನ ಫ್ಯಾನಿನಿಂದ ಎಷ್ಟು ದೂರ ಸರಿಯಬೇಕೋ ಅದಕ್ಕೆ.

"ಇದೇನ್ ಕದಿರಪ್ಪ, ಮನೆ ತಂದಿದ್ದೀಯ" ಎಂದರು ಶ್ರೀನಿವಾಸಪ್ಪನವರು.

"ಊಂ ಸಾರ್. ಇದ್ರೊಳಗೆ ಒಂದ್ ಸಂಸಾರ ಇರ್ಬೋದು" ಎಂದು ಕದಿರಪ್ಪ ಮಗ್ಗುಲ ತಗಡು ಬಿಚ್ಚಿ ಗೋಡೆಗೆ ಒರಗಿಸಿದರು.

ಒಳಗೆ ನೋಡಿದೆ. ಅಷ್ಟು ಜಾಗವನ್ನು ಯಾವ ಕಂಪ್ಯೂಟರಿನಲ್ಲೂ ನಾನು ನೋಡಿರಲಿಲ್ಲ. ಕೈ ಹೋಗಿ ಬಂದು ಮಾಡಬಹುದಿತ್ತು, ಎಲ್ಲೂ ತಗಡು ತರಚುತ್ತಿರಲಿಲ್ಲ. ಕಾರ್ಡು ಸಿಕ್ಕಿಸಲು ಬೋರ್ಡಿನಲ್ಲಿದ್ದ ತೋಡುಗಳಲ್ಲಿ ಮೊದಲನೆಯದರಲ್ಲಿ ಫ್ಯಾನು ಅಡ್ಡ ಬಂತು. ಎರಡನೆಯದರಲ್ಲೂ ಬಂತು. ಕೊನೆಯ ತೋಡಿನಲ್ಲಿ ಕಾರ್ಡು ಫ್ಯಾನನ್ನು ದಾಟಿ, ಪಂಜರವನ್ನು ದಾಟಿ, ಎದುರು ಗೋಡೆಯ ಹತ್ತಿರ ಹೋಗಿ ನಿಂತಿತು. ಇನ್ನೂ ಒಂದು ಹೆಬ್ಬೆರಳು ಜಾಗ ಉಳಿದಿತ್ತು. ಕದಿರಪ್ಪ ತಗಡು ಮುಚ್ಚಿ ನಾಲ್ಕು ಸ್ಕ್ರೂ ಬಿಗಿದರು, ಮುಚ್ಚಿಕೊಂಡಿತು. ಟವರನ್ನು ನನ್ನ ಮೇಜಿನ ಕೆಳಗೆ ತಳ್ಳಿದ ಮೇಲೆ ನನ್ನ ಕಾಲಿಗೆ ಜಾಗವಿರಲಿಲ್ಲ. ಓರೆಯಾಗಿ ಕೂರುತ್ತೇನೆ, ತೊಂದರೆಯಿಲ್ಲ ಎಂದೆ.

ಎಲ್ಲ ಜೋಡಿಸಿ ಮುಗಿಸಿದ್ದು ಭಾನುವಾರ ಮಧ್ಯಾಹ್ನ. ಇನ್‌ಸ್ಟಿಟ್ಯೂಟಿಗೆ ರಜೆ, ಟೈಪ್‌ರೈಟರುಗಳೆಲ್ಲ ಬಟ್ಟೆ ಹೊದ್ದುಕೊಂಡಿದ್ದವು. ಶ್ರೀನಿವಾಸಪ್ಪನವರು ಊಟಕ್ಕೆ ಹೋಗಿದ್ದರು. ಕದಿರಪ್ಪ ಸುಟ್ಟ ಮಷೀನಿನ ಜೊತೆ ಬಂದಿದ್ದ ಫ್ಲಾಪಿಗಳಿಂದ ಕನ್ನಡವನ್ನು ಏರಿಸಿದರು. ಪರದೆಯ ಮೇಲೆ ಅ ಆ ಇ ಈ ಬಂತು. ನಾನು ಬ್ಯಾಗಿನಿಂದ ಕಂದು ಕವರು ತೆಗೆದೆ.

ಕದಿರಪ್ಪ ಫ್ಲಾಪಿಯನ್ನು ತಿರುಗಿಸಿ ನೋಡಿದರು. ಅಂಗಿಯ ತುದಿಯಲ್ಲಿ ಒರೆಸಿ, ಡ್ರೈವಿನ ಬಾಯಿಗೆ ಸ್ಪಿರಿಟ್ಟಿನ ಹತ್ತಿ ಮುಟ್ಟಿಸಿ ಒಳಗಿಟ್ಟರು. ಅದು ಕರಕರ ಎಂದು ಸ್ವಲ್ಪ ಹೊತ್ತು ಹಟ ಮಾಡಿತು. "ನಾಕ್ ವರ್ಷ ಮಲ್ಗೈತಲ್ಲ, ಎದ್ದೇಳ್ಬೇಕು" ಎಂದರು. ಎದ್ದಿತು. "ನೀವ್ ನೋಡ್ಕಳಿ, ನಾನು ಟೀ ಕುಡ್ದು ಬತ್ತೀನಿ" ಎಂದು ಹೊರಗೆ ಹೋದರು.

ದಿನ್ನೆಕೊತ್ತೂರು. ಮನೆ ನಂಬರು ಒಂದು. ಅಭ್ಯಾಸಬಲದಿಂದ ಕೆಂಪು ಪೆನ್ನನ್ನೂ ಒಂದು ಖಾಲಿ ಹಾಳೆಯನ್ನೂ ಪಕ್ಕಕ್ಕಿಟ್ಟುಕೊಂಡೆ. ನಲವತ್ತೇಳಕ್ಕೆ ನೇರ ಹಾರಬಹುದಿತ್ತು, ಹಾರಲಿಲ್ಲ. ಆ ಊರಿಗೆ ನಾನು ಹೋದವಳಲ್ಲ. ಒಂದನೇ ಮನೆಯಿಂದಲೇ ನಡೆದುಕೊಂಡು ಹೋಗೋಣವೆನ್ನಿಸಿತು. ಕೋದಂಡಪ್ಪ, ತಂದೆ ಪೆದ್ದಪ್ಪಯ್ಯ, ಅರವತ್ತೆರಡು. ನರಸಮ್ಮ, ಗಂಡ ಕೋದಂಡಪ್ಪ, ಐವತ್ತೈದು. ಅಶ್ವತ್ಥಪ್ಪ. ಮಂಗಮ್ಮ. ಒಂದು ಮನೆಯಲ್ಲಿ ಹನ್ನೊಂದು ಜನ, ಒಂದರಲ್ಲಿ ಪೆದ್ದಮ್ಮ ಎಂಬ ಎಂಬತ್ತರ ಮುದುಕಿ ಒಬ್ಬಳೇ. ಅವರು ಓದುತ್ತಿದ್ದ ಹಾಗೇ ತುಟಿಯಲ್ಲಿ ಓದಿಕೊಂಡೆ. ಹತ್ತು ಮನೆಯಾಯಿತು, ಇಪ್ಪತ್ತಾಯಿತು, ಪೆನ್ನಿನ ಮುಚ್ಚಳ ತೆಗೆಯಬೇಕಾಗಲಿಲ್ಲ. ಒಂದು ಕೊಂಬು ತಪ್ಪಿರಲಿಲ್ಲ. ನಲವತ್ತೈದು, ನಲವತ್ತಾರು. ಅಲ್ಲಿಗೆ ಒಂದು ಪರದೆ ಮುಗಿಯಿತು. ನಾನು ಕೀಲಿ ಒತ್ತಿದೆ.

ಮನೆ ನಂಬರು ನಲವತ್ತೇಳು.

ಅಕ್ಕಯ್ಯಮ್ಮ, ಗಂಡ ಚಿಕ್ಕವೆಂಕಟಪ್ಪ, ವಯಸ್ಸು ಐವತ್ತೆಂಟು.

ವೆಂಕಟೇಶಪ್ಪ, ತಂದೆ ಚಿಕ್ಕವೆಂಕಟಪ್ಪ, ವಯಸ್ಸು ಇಪ್ಪತ್ತೊಂಬತ್ತು.

ವರಲಕ್ಷ್ಮಿ, ಗಂಡ ವೆಂಕಟೇಶಪ್ಪ, ವಯಸ್ಸು ಇಪ್ಪತ್ತಾರು.

ನನಗೆ ಅವತ್ತು ಇಪ್ಪತ್ತಾರೇ. ಕೆಲಸಕ್ಕೆ ಸೇರುವಾಗ ಫಾರಮ್ಮಿನಲ್ಲಿ ಬರೆದುಕೊಟ್ಟಿದ್ದೆ, ಅವರು ನೋಡಿಟ್ಟುಕೊಂಡಿದ್ದರು.

ಬಾಯಿಬಿಟ್ಟು ಕೇಳುವ ಮನುಷ್ಯರಲ್ಲ ಅವರು. ತಮಗೆ ಬಂದ ರೀತಿಯಲ್ಲಿ ಕೇಳಿದ್ದರು. ತಪ್ಪಿದ್ದರೆ ಹೇಳಿ ಎಂದು ನನ್ನ ಕೈಗೇ ಕೊಟ್ಟಿದ್ದರು. ನಾನು ಮೆಟ್ಟಿಲ ಮೇಲೆ ನಿಂತು, ನೋಡದೆ, ಅಲ್ಲೂ ಒಂದಿತ್ತು ಎಂದೆ. ನಾನೇ ತೆಗೆದುಹಾಕುತ್ತೇನೆ ಎಂದೆ. ನಾಲ್ಕು ವರ್ಷ ಅವರನ್ನೇ ಬೈದುಕೊಂಡೆ. ಮೇಜಿನ ಕೆಳಗೆ ಟವರು ನನ್ನ ಮೊಣಕಾಲಿಗೆ ಬೆಚ್ಚಗೆ ತಾಗುತ್ತಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು. ಅಳು ಬಂತು, ಅತ್ತೆ. ಯಾರೂ ಇರಲಿಲ್ಲ, ಮುಖ ಮುಚ್ಚಿಕೊಳ್ಳುವ ಅಗತ್ಯವೂ ಇರಲಿಲ್ಲ.

ಆಮೇಲೆ ಮುಂದಕ್ಕೆ ಓದಿದೆ. ಯಾಕೆಂದು ಕೇಳಿದರೆ ಹೇಳಲಾರೆ, ಅರ್ಧಕ್ಕೆ ಬಿಟ್ಟು ಏಳಲು ಆಗಲಿಲ್ಲ. ನಲವತ್ತೆಂಟನೇ ಮನೆಯಿಂದ ನೂರಾ ಹನ್ನೆರಡನೇ ಮನೆಯ ತನಕ, ಕೊನೆಯ ಹೆಸರು ಅಶ್ವತ್ಥಮ್ಮ. ನಾನು ನೋಡಿದ ಯಾವ ಹಾಳೆಯೂ ಅಷ್ಟು ಶುದ್ಧವಾಗಿರಲಿಲ್ಲ. ಪಕ್ಕದಲ್ಲಿಟ್ಟ ಹಾಳೆ ಖಾಲಿಯಾಗೇ ಇತ್ತು.

ಕದಿರಪ್ಪ ಒಂದು ಲೋಟ ಟೀ ನನಗೂ ಹಿಡಿದುಕೊಂಡು ಬಂದರು. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು. ಮಷೀನೇ ಏನೋ ಕೆಡಿಸಿತೆಂದು ತಿಳಿದರೇನೋ, ಅಳುಕುತ್ತಾ ಕೇಳಿದರು.

"ಏನ್ ಮೇಡಮ್ಮ, ಏನಾರ ತಪ್ ಬಂತಾ?"

ನಾನು ಪರದೆಯನ್ನು ಹಿಂದಕ್ಕೆ ಸರಿಸಿ ನಲವತ್ತೇಳನೇ ಮನೆಗೆ ಬಂದೆ. ಮೂರು ಸಾಲನ್ನೂ ಇನ್ನೊಂದು ಸಲ ಪೂರ್ತಿ ಓದಿದೆ.

"ಇಲ್ಲ ಕದಿರಪ್ಪಣ್ಣ" ಎಂದೆ. "ನೋಡ್ದೆ. ಒಂದೂ ತಪ್ಪಿಲ್ಲ."